ನಾರುಬಟ್ಟೆಯ ಹನ್ನೊಂದು ಸುತ್ತು

ಕಂತು ಏಳು

ಗಂಟು ಅವಳದಾಗಿರಲಿಲ್ಲ.

ತೆಲೇಸಿಯಾ ಬಗ್ಗಿದವಳು ಹಾಗೇ ನಿಂತುಬಿಟ್ಟಳು. ಶನಿವಾರ ಬೆಳಿಗ್ಗೆ ಚಾಪೆಗಳನ್ನು ಬಿಸಿಲಿಗೆ ಹಾಕುವ ಹೊತ್ತು. ಹಾಸಿಗೆಯನ್ನು ಗೋಡೆಗೆ ಒರಗಿಸಿ, ಅದರಡಿಯ ಕೇದಗೆ ಚಾಪೆಗಳನ್ನು ಒಂದೊಂದಾಗಿ ಹೊತ್ತು ಬೇಲಿಯ ಮೇಲೆ ಹರವಿ ಬಂದಿದ್ದಳು. ಉಳಿದಿದ್ದದ್ದು ಗೋಡೆ ಬದಿಯ ನಾರುಬಟ್ಟೆ ಸುರುಳಿ ಒಂದೇ. ತೊಗಟೆಯನ್ನು ತಿಂಗಳುಗಟ್ಟಲೆ ಬಡಿದು ಹಿಗ್ಗಿಸಿ, ಕಂದು ಬಣ್ಣದ ಗೆರೆ ಬರೆದು, ಅವಳ ತಾಯಿ ಮದುವೆಗೆಂದು ಕೊಟ್ಟ ಬಟ್ಟೆ.

ಅವಳು ಎಡಗೈಯವಳು. ಅವಳು ಬಿಗಿದ ಗಂಟಿನ ಬಾಲ ಯಾವಾಗಲೂ ಎಡಕ್ಕೆ ಹೊರಳಿರುತ್ತದೆ. ಈಗ ಸುರುಳಿಗೆ ಕಟ್ಟಿದ್ದ ಕೇದಗೆ ಪಟ್ಟಿಯ ಬಾಲ ಬಲಕ್ಕಿತ್ತು.

"ಅಮ್ಮಾ, ಒಂದು ಕೇಳ್ಲಾ?"

ಬಾಗಿಲಲ್ಲಿ ಏಳು ವರ್ಷದ ಮಗಳು ಸಿಯಾಲೆ. ಕೈಯಲ್ಲಿ ಬಾಚಣಿಗೆ, ಒಂದೇ ಬದಿಗೆ ಹೆಣೆದ ಜಡೆ.

"ಆಮೇಲೆ ಕೇಳು ಕಂದಾ. ಕೋಳಿಗಳಿಗೆ ಕಾಯಿತುರಿ ಹಾಕಿದ್ಯಾ?"

"ಹಾಕಿದೆ."

"ಹಂದಿಗೆ?"

ಮಗು ಹೋಯಿತು. ತೆಲೇಸಿಯಾ ಬಾಗಿಲು ಮುಂದೆ ಮಾಡಿ, ನೆಲದ ಮೇಲೆ ಕೂತು ಸುರುಳಿ ಬಿಚ್ಚತೊಡಗಿದಳು. ಒಂದು ಸುತ್ತು, ಎರಡು, ಮೂರು. ಹನ್ನೊಂದನೆಯ ಸುತ್ತಿನೊಳಗೆ ಮಗಳ ಹಳೆಯ ಊಟದ ಡಬ್ಬಿ. ಡಬ್ಬಿಯೊಳಗೆ ಸ್ಪಂಜು. ಸ್ಪಂಜಿನ ನಡುವೆ, ಕಡಲಲ್ಲಿ ಮುಳುಗು ಹಾಕುವ ಪ್ರವಾಸಿಗಳು ಬಿಟ್ಟುಹೋದ ದಪ್ಪ ರಬ್ಬರಿನ ಉಡುಪಿನ ತೋಳನ್ನು ಕತ್ತರಿಸಿ ಅವಳೇ ಹೊಲಿದ ಚೀಲ. ಚೀಲದೊಳಗೆ ಅಂಗೈಯಗಲದ ಹಾರ್ಡ್ ಡಿಸ್ಕ್.

ಇತ್ತು. ಎಲ್ಲಿಗೂ ಹೋಗಿರಲಿಲ್ಲ. ದಿನಾ ಮಲಗುವ ಮೊದಲು ಹಾಸಿಗೆಯಡಿ ಕೈ ತೂರಿಸಿ ಸುರುಳಿಯನ್ನು ಮುಟ್ಟಿ ನೋಡಿಯೇ ಅವಳು ಕಣ್ಣು ಮುಚ್ಚುತ್ತಿದ್ದಳು.

ಆದರೆ ಚೀಲದ ಹೊಲಿಗೆ ಹೊರಗಿತ್ತು. ಅವಳು ಹೊಲಿಗೆ ಒಳಗೆ ಮಾಡಿ ಹಾಕಿದ್ದಳು. ಹೊಲಿದವಳಿಗೆ ಅದು ಮರೆಯುವ ಮಾತಲ್ಲ.

ಐದು ವಾರದ ಹಿಂದೆ ಚರ್ಚಿನ ಹಾಡುಗಾರರನ್ನು ಪಕ್ಕದ ದ್ವೀಪಕ್ಕೆ ಕರೆದೊಯ್ಯುತ್ತಿದ್ದ ದೋಣಿ ಬಂಡೆಸಾಲಿಗೆ ಬಡಿದು ನಾಲ್ವರು ಹೆಂಗಸರು ಮುಳುಗಿದ್ದರು. ಚುಕ್ಕಾಣಿಯ ಮೇಲೆ ನಿದ್ದೆ ಹೋದನೆಂದು ತೆಲೇಸಿಯಾಳ ಅಣ್ಣ ಕಿತಿಯೋನೆ ಲಾಕಪ್ಪಿನಲ್ಲಿದ್ದ. ಆ ಪುಟ್ಟ ಪೆಟ್ಟಿಗೆಯಲ್ಲಿ ದೋಣಿ ಹೊರಟ ಹೊತ್ತಿನ ವಿಡಿಯೋ ಇತ್ತು.

ಮದುವೆ, ಸಾವು, ಹಬ್ಬ ಎಲ್ಲದರ ವಿಡಿಯೋ ತೆಗೆಯುವ ಫೆಲೆತಿ ಅದನ್ನು ಅವಳ ಕೈಗಿತ್ತು ನ್ಯೂಜಿಲೆಂಡಿಗೆ, ಮಗನ ಮನೆಗೆ, ವಿಮಾನ ಹತ್ತಿದ್ದ. ಕ್ಯಾಮೆರಾದ ಕಾರ್ಡಿನಲ್ಲಿ ಬೇರೆ ಪ್ರತಿ ಇರಲಿಲ್ಲ. ಮುಳುಗಿದವರ ಮಣ್ಣು ಕಾರ್ಯವನ್ನು ತೆಗೆಯಲು ಅದೇ ಕಾರ್ಡನ್ನು ಅಳಿಸಿ ಬಳಸಿದ್ದ. ಅವನು ಯಾವತ್ತೂ ಮಾಡುತ್ತಿದ್ದದ್ದೇ ಹಾಗೆ.

"ದೋಣಿ ಕಟ್ಟೆ ಬಿಟ್ಟಲ್ಲಿಂದ ಬಂಡೆಸಾಲಿನ ತನಕ ಬಿಡದೆ ತೆಗೆದಿದೀನಿ," ಎಂದಿದ್ದ. "ಚುಕ್ಕಾಣಿ ಹಿಡಿದವನ ಮುಖ ಕಾಣುತ್ತೆ."

"ಯಾರದು? ಅಣ್ಣಂದಾ, ಅಲ್ವಾ? ಅಷ್ಟು ಹೇಳು."

ಫೆಲೆತಿ ತಲೆ ತಗ್ಗಿಸಿದ್ದ. "ಅದು ನನ್ನ ಬಾಯಲ್ಲಿ ಬರೋ ಮಾತಲ್ಲ ತಾಯಿ. ಕೋರ್ಟು ನೋಡ್ಲಿ."

ರಾಜಧಾನಿಯ ವಕೀಲರು ಫೋನಿನಲ್ಲಿ ಇನ್ನೂ ಕಟ್ಟುನಿಟ್ಟು. "ನೀವು ಆರೋಪಿ ತಂಗಿ. ಅದನ್ನ ತೆರೆದು ನೋಡಿದ್ರೋ, ತಿದ್ದಿದ್ದಾರೆ ಅಂತ ಎತ್ತಿ ಹೊರಗೆ ಹಾಕ್ತಾರೆ. ಸೋಮವಾರದ ಹಡಗಿಗೆ ನಾನೇ ಬರ್ತೀನಿ. ಅಲ್ಲಿ ತನಕ ನೀರು ತಾಗಿಸ್ಬೇಡಿ, ಬೀಳಿಸ್ಬೇಡಿ. ನಿಮ್ಮ ಕೆಲಸ ಅಷ್ಟೇ."

ಅಷ್ಟೇ ಕೆಲಸ. ಆರು ವರ್ಷ ಪೊಲೀಸಿನಲ್ಲಿದ್ದು, ಸಿಯಾಲೆ ಹುಟ್ಟಿದ ಮೇಲೆ ಬಿಟ್ಟು, ಮನೆಯ ಮುಂದಿನ ಕೋಣೆಯಲ್ಲಿ ಫೋನು, ಕಂಪ್ಯೂಟರು ರಿಪೇರಿ ಮಾಡಿಕೊಂಡಿದ್ದವಳಿಗೆ ಅದಕ್ಕಿಂತ ಸುಲಭದ ಕೆಲಸ ಉಂಟೇ?

ಈಗ ಅವಳ ಬೆರಳು ಪೆಟ್ಟಿಗೆಯ ಅಂಚನ್ನು ಸವರಿ ಒಂದು ಮೂಲೆಯಲ್ಲಿ ನಿಂತಿತು. ಅಲ್ಲಿ ನಜ್ಜಾಗಿತ್ತು. ನಜ್ಜಿನೊಳಗೆ ಬೂದು ಪುಡಿ. ನಾಲಿಗೆಗೆ ಮುಟ್ಟಿಸಿದಳು. ಸಿಮೆಂಟು.

*

ಅಂಗಡಿಯ ಮೇಜಿನ ಮೇಲೆ ಫೋನಿನ ಚಾರ್ಜರು ಇತ್ತು. ತೆರೆದು ನೋಡುವಂತಿಲ್ಲ, ಆದರೆ ಉಸಿರಾಡುತ್ತದೆಯೋ ಇಲ್ಲವೋ ಎಂದು ಕೇಳಬಹುದು. ಚಾರ್ಜರಿನಿಂದ ಬರೀ ಕರೆಂಟು ಕೊಟ್ಟರೆ ಯಾರೂ ಒಳಗೆ ಇಣುಕಿದಂತಾಗುವುದಿಲ್ಲ.

ವೈರು ತೆಗೆದುಕೊಳ್ಳಲು ಗೋಡೆಯ ಮೊಳೆಯತ್ತ ಕೈ ಚಾಚಿದಳು.

ಆ ವೈರನ್ನು ಅವಳು ಯಾವಾಗಲೂ ಎರಡು ಮಡಿಕೆ ಮಾಡಿ ರಬ್ಬರು ಹಾಕಿ ತೂಗುಹಾಕುತ್ತಿದ್ದಳು. ಈಗ ಅದು ದುಂಡಗೆ, ಬಲಕ್ಕೆ, ದೋಣಿಯ ಹಗ್ಗದ ಹಾಗೆ ಸುತ್ತಿಕೊಂಡಿತ್ತು. ತುದಿಯನ್ನು ನಡುವೆ ಬಳಸಿ ಕುಣಿಕೆಯೊಳಗೆ ಎರಡು ಸಲ ತೂರಿಸಿತ್ತು. ತಗಡಿನ ತುದಿ ಒಂದು ಬದಿಗೆ ಸೊಟ್ಟಗಾಗಿತ್ತು.

ದೋಣಿಯವರ ಕೈ. ಆದರೆ ಈ ಊರಿನಲ್ಲಿ ದೋಣಿ ಹತ್ತದ ಗಂಡಸು ಯಾರಿದ್ದಾರೆ?

ಸೊಟ್ಟ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ನೇರ ಮಾಡಿ, ಚುಚ್ಚಿ, ಪೆಟ್ಟಿಗೆಯನ್ನು ಕಿವಿಗೆ ಹಿಡಿದಳು. ಪುಟ್ಟ ಬಿಳಿ ದೀಪ ಹತ್ತಿತು. ಒಳಗೆ ಏನೋ ತಿರುಗಲು ಹೊರಟು,

ಟಿಕ್. ಟಿಕ್. ಟಿಕ್.

ಕಿತ್ತು ತೆಗೆದಳು. ಆ ಸದ್ದು ಅವಳಿಗೆ ಗೊತ್ತು. ಮದುವೆ ವಿಡಿಯೋ ಕಳೆದುಕೊಂಡ ಎಷ್ಟು ಹುಡುಗಿಯರ ಮುಂದೆ ಆ ಸದ್ದನ್ನು ಕೇಳಿ, ಮುಖ ತಗ್ಗಿಸಿ, 'ಆಕ್ಲೆಂಡಿನಲ್ಲಿ ಬಿಚ್ಚಿ ನೋಡೋರಿದ್ದಾರೆ, ಆದ್ರೆ ಖಾತ್ರಿ ಹೇಳಕ್ಕಾಗಲ್ಲಮ್ಮ' ಎಂದಿಲ್ಲ! ಕರೆಂಟು ಕೊಟ್ಟಷ್ಟು ಸಲವೂ ಒಳಗಿನ ಗಾಯ ದೊಡ್ಡದಾಗುತ್ತದೆ. ಇನ್ನು ಅದನ್ನು ಮುಟ್ಟುವಂತಿಲ್ಲ.

ಪೆಟ್ಟಿಗೆಯನ್ನು ಮೇಜಿನ ಮೇಲೆ ಮೆಲ್ಲಗೆ ಮಲಗಿಸಿದಳು. ಆಮೇಲೆ ಹಳೆಯ ಪೊಲೀಸಿನವಳು ಒಳಗಿಂದ ಎದ್ದು ಬಂದಳು.

ಡಬ್ಬಿ ಒಡೆದಿಲ್ಲ, ಸ್ಪಂಜು ಹರಿದಿಲ್ಲ. ಹನ್ನೊಂದು ಸುತ್ತು ನಾರುಬಟ್ಟೆಯೊಳಗೆ ಅದನ್ನು ತೆಂಗಿನ ಮರದ ತುದಿಯಿಂದ ಎಸೆದಿದ್ದರೂ ಏನೂ ಆಗುತ್ತಿರಲಿಲ್ಲ. ಕರೆಂಟು ಇಲ್ಲದಾಗ ಅದರೊಳಗಿನ ತಟ್ಟೆಯನ್ನು ಓದುವ ಮುಳ್ಳು ಬದಿಗೆ ಸರಿದು ಮಲಗಿರುತ್ತದೆ. ಮಲಗಿದ ಮಗುವನ್ನು ಜೋಲಿ ಸಮೇತ ಎತ್ತಿ ಬೇರೆ ಕಡೆ ಇಟ್ಟರೂ ಏಳುವುದಿಲ್ಲ. ಓಡುತ್ತಿರುವ ಮಗುವಿಗೆ ಒಂದು ಸಣ್ಣ ಎಡವು ಸಾಕು, ಮಂಡಿ ಒಡೆಯುತ್ತದೆ. ಇದು ಓಡುತ್ತಿದ್ದಾಗ ಬಿದ್ದಿದೆ. ಬಿದ್ದಾಗ ವೈರು ಚುಚ್ಚಿಕೊಂಡೇ ಇತ್ತು, ಅದಕ್ಕೇ ತುದಿ ಸೊಟ್ಟ.

ಅಂದರೆ ಯಾರೋ ಇದನ್ನು ಹೊರತೆಗೆದಿದ್ದಾರೆ. ಇದೇ ಕೋಣೆಯಲ್ಲಿ, ಇದೇ ವೈರಿನಿಂದ ನೋಡಿದ್ದಾರೆ.

ಮೇಜಿನ ಕೆಳಗೆ ಚಾಪೆ ಹಾಸಿತ್ತು. ಕಿಟಕಿಯ ಪಕ್ಕದಲ್ಲಿ ಮಾತ್ರ ಬರೀ ಸಿಮೆಂಟು. ಅವಳು ಮಂಡಿಯೂರಿ ಕೆನ್ನೆಯನ್ನು ನೆಲಕ್ಕೆ ತಾಗಿಸಿ ನೋಡಿದಳು. ಅಕ್ಕಿಕಾಳಿನಷ್ಟು ಕರಿಯ ಪ್ಲಾಸ್ಟಿಕ್ಕಿನ ಚೂರು ಬಿಸಿಲಿಗೆ ಮಿನುಗಿತು.

"ಅಮ್ಮಾ, ನೆಲ ಯಾಕೆ ಮೂಸ್ತಿದ್ಯಾ?"

ಸಿಯಾಲೆ ಮತ್ತೆ ಬಾಗಿಲಲ್ಲಿ. ಮುಖದಲ್ಲಿ ನಗು ಇರಲಿಲ್ಲ. ಕಿಟಕಿಯ ಬದಿಯನ್ನು ನೋಡಿ, ಬೇಗನೆ ಕಣ್ಣು ತೆಗೆದಳು.

"ಏನೋ ಬಿದ್ದಿತ್ತು ಪುಟ್ಟಿ. ಅಪ್ಪ ಎಲ್ಲಿ?"

"ತೋಟಕ್ಕೆ. ನಾಳೆಗೆ ಕೆಸುವಿನ ಎಲೆ ತರ್ತೀನಿ ಅಂದ್ರು." ಮಗು ಕಾಲ್ಬೆರಳಿನಿಂದ ಹೊಸ್ತಿಲನ್ನು ಕೆರೆಯಿತು. "ಅಮ್ಮಾ, ಈಗ ಕೇಳ್ಲಾ?"

"ಕಂದಾ, ಬುಧವಾರ ನೀನು ಜ್ವರ ಅಂತ ಮನೇಲೇ ಇದ್ಯಲ್ಲ. ಯಾರಾದ್ರೂ ಬಂದಿದ್ರಾ?"

ಸಿಯಾಲೆ ಬಾಚಣಿಗೆಯ ಹಲ್ಲುಗಳನ್ನು ಉಗುರಿನಿಂದ ಗೀಚಿದಳು.

"ಅತ್ತೆ," ಎಂದಳು. "ಚಾಪೆ ತಗೊಂಡೋಗೋಕೆ ಬಂದಿದ್ರು. ಸಾವಿನ ಮನೆಗೆ ಅಂತ."

ತೆಲೇಸಿಯಾ ಕಣ್ಣು ಮುಚ್ಚಿದಳು.

ಎಂಥ ಹೆಡ್ಡಿ ತಾನು! ಗಂಡಸರು ಮುಟ್ಟದ ಜಾಗ ಎಂದು ನಾರುಬಟ್ಟೆಯನ್ನು ಹುಡುಕಿದ್ದಳು. ಮಲಗುವ ಕೋಣೆ ಎಂದರೆ ಅವಳ ಸ್ವಂತ ಅಣ್ಣನೂ ಹೊಸ್ತಿಲು ತುಳಿಯುವುದಿಲ್ಲ. ಅಣ್ಣ ತಂಗಿಗೆ ಆ ಮಡಿ ಉಂಟು. ದೋಣಿಯ ಮಾಲೀಕ ಲೋಪೆತಿ ಎರಡು ಸಲ ಅಂಗಡಿಗೆ ಬಂದು, "ಫೆಲೆತಿ ನಿನ್ನ ಹತ್ರ ಏನೋ ಬಿಟ್ಟು ಹೋದ್ನಂತೆ?" ಎಂದು ಹಲ್ಲು ಕಿರಿದಿದ್ದಕ್ಕೆ ಹೆದರಿ, ಅವನು ನೂರು ಜನ್ಮಕ್ಕೂ ತಲುಪದ ಜಾಗದಲ್ಲಿ ಇಟ್ಟಿದ್ದಳು.

ಆದರೆ ಗಂಡನ ಅಕ್ಕನಿಗೆ ಯಾವ ಬಾಗಿಲು ಮುಚ್ಚಿರುತ್ತದೆ? ತಮ್ಮನ ಮನೆಯ ಚಾಪೆ, ನಾರುಬಟ್ಟೆ, ಹಂದಿ, ಬೇಕಾದರೆ ಮಗು, ಅವಳು ಬಂದು ಬೆರಳು ತೋರಿಸಿದರೆ ಮುಗಿಯಿತು. ಕೇಳಬೇಕಾಗಿಲ್ಲ. ಹೇಳಬೇಕಾಗಿಲ್ಲ. ಮಂಗಳವಾರ ಮುದುಕ ಪೇನಿ ಸತ್ತ. ಬುಧವಾರ ತೆಲೇಸಿಯಾ ಲಾಕಪ್ಪಿಗೆ ಊಟ ಕೊಡಲು ಪೇಟೆಗೆ ಹೋಗಿದ್ದಳು. ಸಾವಿನ ಮನೆಗೆ ಕಾಣಿಕೆಯಾಗಿ ಒಯ್ಯಲು ನಾರುಬಟ್ಟೆ ಬೇಕಿತ್ತು.

ಬೀಳದ ಹಾಗೆ, ಬಡಿಯದ ಹಾಗೆ, ನೀರು ತಾಗದ ಹಾಗೆ ಹನ್ನೊಂದು ಸುತ್ತು ಸುತ್ತಿದವಳು, ಈ ಊರಿನ ಸೊಸೆಯಾಗಿ ಹನ್ನೆರಡು ವರ್ಷ ಬಾಳಿಯೂ, ಅದೊಂದನ್ನು ಮರೆತಿದ್ದಳು.

*

ಗಂಡನ ಅಕ್ಕ ಮೆಲೆನಾಯಿತೆಯ ಅಂಗಳದಿಂದ ಕೊಡತಿಯ ಸದ್ದು ದಾರಿಯವರೆಗೂ ಕೇಳುತ್ತಿತ್ತು. ಚಪ್ಪರದಡಿ ಮರದ ದಿಮ್ಮಿಯ ಮುಂದೆ ಕೂತು ಅವಳು ತೊಗಟೆ ಬಡಿಯುತ್ತಿದ್ದಳು. ದಪ್ಪ ಮೈ, ಬೆಳ್ಳಗಾದ ತಲೆ, ಮೈಮೇಲೆ ಸಾವಿನ ಕಪ್ಪು ಬಟ್ಟೆ. ಮುಳುಗಿದ ನಾಲ್ವರಲ್ಲಿ ಇಬ್ಬರು ಅವಳ ಸಾಲಿನಲ್ಲೇ ನಿಂತು ಹಾಡುತ್ತಿದ್ದವರು.

ತೆಲೇಸಿಯಾ ಬಾಗಿಕೊಂಡೇ ಬಂದು, ದಿಮ್ಮಿಗಿಂತ ತಗ್ಗಿನಲ್ಲಿ ಕೂತಳು. ಗಂಡನ ಅಕ್ಕನ ಎದುರು ಎತ್ತರಕ್ಕೆ ಕೂರುವ ಪದ್ಧತಿ ಇಲ್ಲ.

"ಬಾ," ಎಂದಳು ಮೆಲೆನಾಯಿತೆ, ಕೊಡತಿ ನಿಲ್ಲಿಸದೆ. "ಶನಿವಾರ ಬೆಳಿಗ್ಗೆ ಬಂದಿದ್ಯಾ ಅಂದ್ರೆ ಮನೇಲಿ ಕೆಲಸ ಇಲ್ಲ ಅನ್ನು."

"ಚಾಪೆ ಒಣಗಿಸ್ತಿದ್ದೆ ಅಕ್ಕಾ. ನಾರುಬಟ್ಟೆ ಗಂಟು ಬೇರೆ ಥರ ಇತ್ತು."

"ಓ. ಅದಾ."

ಟಪ್. ಟಪ್.

"ಪೇನಿ ಮುದುಕಂಗೆ ಅಂತ ತಂದೆ. ತಂದ್ಮೇಲೆ ಮನಸ್ಸು ಬದಲಾಯ್ತು. ನಿಮ್ಮಮ್ಮ ಮಾಡಿದ್ದು, ಬಣ್ಣ ಸ್ವಲ್ಪ ತೆಳು. ನನ್ನದೇ ಕೊಟ್ಟೆ. ನಿನ್ನದು ವಾಪಸು ಇಟ್ಟೆ. ತಮ್ಮನ ಮನೆಯಿಂದ ತಗೊಂಡ್ರೆ ಅದಕ್ಕೆ ಕಳ್ಳತನ ಅಂತಾರಾ ನಿಮ್ಮ ಪೊಲೀಸಿನೋರು?"

"ಅಯ್ಯೋ, ಹಾಗಂತೀನಾ ಅಕ್ಕಾ? ನಿಮ್ಮ ಹಕ್ಕು. ಒಳಗೆ ಒಂದು ಡಬ್ಬಿ ಇತ್ತು."

"ಇತ್ತು. ತಮ್ಮನ ಹೆಂಡ್ತಿ ಹಾಸಿಗೆ ಅಡಿ ತಿಂಡಿ ಬಚ್ಚಿಟ್ಕೊಂಡಿದ್ದಾಳೆ ಅಂದ್ಕೊಂಡೆ." ನಕ್ಕಳು. ನಗು ಕಣ್ಣಿಗೆ ಏರಲಿಲ್ಲ.

"ಅದು ಕೆಟ್ಟುಹೋಗಿದೆ."

ಕೊಡತಿ ಗಾಳಿಯಲ್ಲೇ ನಿಂತಿತು. ಒಂದೇ ಗಳಿಗೆ. ಮತ್ತೆ ಇಳಿಯಿತು.

"ಹೌದು. ನಾನೇ ಬೀಳಿಸಿದೆ," ಎಂದಳು ಮೆಲೆನಾಯಿತೆ.

ತೆಲೇಸಿಯಾ ಕಾದಿದ್ದದ್ದು ಜಗಳಕ್ಕೆ, ಬೈಗುಳಕ್ಕೆ, ಇಲ್ಲ ಎನ್ನುವ ಮಾತಿಗೆ. ಕೇಳುವ ಮೊದಲೇ ಬಂದ ಒಪ್ಪಿಗೆಗೆ ಅವಳು ಸಿದ್ಧಳಾಗಿರಲಿಲ್ಲ.

"ಎಲ್ಲಿ ಬೀಳಿಸಿದ್ರಿ ಅಕ್ಕಾ?"

"ಚರ್ಚಿನ ಮೆಟ್ಟಲ ಮೇಲೆ. ಹೆಗಲ ಮೇಲೆ ಹೊತ್ಕೊಂಡಿದ್ದೆ, ಕಾಲು ಜಾರ್ತು. ಸುರುಳಿ ಸಮೇತ ಉರುಳಿತು. ವಯಸ್ಸಾಯ್ತಲ್ಲ ನಂಗೆ?"

"ಸುರುಳಿ ಸಮೇತ ಬಿದ್ರೆ ಅದಕ್ಕೇನೂ ಆಗಲ್ಲ."

"ಮತ್ತೆ ಇನ್ಹೇಗೆ ಆಯ್ತು?"

"ಕರೆಂಟಿನಲ್ಲಿ ಓಡ್ತಿದ್ದಾಗ ಬಿದ್ದಿದೆ. ನಮ್ಮನೆ ಮುಂದಿನ ಕೋಣೇಲಿ. ಕಿಟಕಿ ಹತ್ರ."

ಮೆಲೆನಾಯಿತೆ ತೊಗಟೆಯನ್ನು ಮಡಚಿ ತಿರುಗಿಸಿ ಹಾಕಿದಳು. ಅವಳ ಬೆರಳುಗಳು ನಿಧಾನವಾದವು. "ಹಾಗಾದ್ರೆ ಹಾಗೇ. ನಾನೇ ಹಾಕಿ ನೋಡ್ದೆ. ಏನಿದೆಯೋ ಅಂತ ಆಸೆ. ಕೈಜಾರಿ ಬಿತ್ತು. ಸೋಮವಾರ ನಿನ್ನ ವಕೀಲ ಬರ್ತಾನಲ್ಲ, ಅವನಿಗೆ ಹೇಳು, ಮೆಲೆನಾಯಿತೆ ಅನ್ನೋ ಮುದುಕಿ ಬೀಳಿಸಿದ್ಲು ಅಂತ. ಬೇಕಾದ್ರೆ ಬೈಬಲ್ ಮುಟ್ಟಿ ನಾನೇ ಹೇಳ್ತೀನಿ."

"ಹಾಕಿದಾಗ ಯಾವ ಬಣ್ಣದ ದೀಪ ಹತ್ತಿತು ಅಕ್ಕಾ?"

"ಏನು?"

"ಪೆಟ್ಟಿಗೆ ಮೇಲೆ ಒಂದು ದೀಪ ಹತ್ತುತ್ತೆ. ಯಾವ ಬಣ್ಣ?"

ಮೆಲೆನಾಯಿತೆ ಅವಳನ್ನೇ ದಿಟ್ಟಿಸಿದಳು. ಬೇಲಿಯಾಚೆ ಯಾರದೋ ಹಂದಿ ಗುಟುರು ಹಾಕಿತು.

"ಕೆಂಪು," ಎಂದಳು.

ಬೆಳಿಗ್ಗೆ ಹತ್ತಿದ್ದು ಬಿಳಿ ದೀಪ. ತನ್ನ ಫೋನಿಗೆ ಹಣ ಹಾಕಿಸಿಕೊಳ್ಳಲು ಸಿಯಾಲೆಯನ್ನು ಕರೆಯುವ ಈ ಹೆಂಗಸು, ತನಗೆ ಬಾರದ ಕೆಲಸವನ್ನು ತಾನೇ ಮಾಡಿದೆನೆಂದು ಬೈಬಲ್ ಮುಟ್ಟಲು ಹೊರಟಿದ್ದಳು. ಮೂವತ್ತು ವರ್ಷ ಚರ್ಚಿನ ಮೊದಲ ಸಾಲಿನಲ್ಲಿ ನಿಂತು ಹಾಡಿದವಳು!

"ಅಕ್ಕಾ," ಎಂದಳು ಮೆಲ್ಲಗೆ, "ಅಲ್ಲಿ ನಮ್ಮಣ್ಣ ಸಾಯ್ತಿದ್ದಾನೆ. ಊಟ ಹಾಗೇ ವಾಪಸು ಬರುತ್ತೆ. ಮುಂದೆ ಕೂತು ಕೇಳೋಣ ಅಂದ್ರೆ ನಮ್ಮಲ್ಲಿ ಅಣ್ಣ ತಂಗಿಗೆ ಅದಿಲ್ಲ. ಕಾವಲಿನ ಹುಡುಗನ ಕೈಲಿ ಕೇಳಿಸಿದೆ, ಚುಕ್ಕಾಣಿ ಹಿಡಿದಿದ್ದು ಯಾರು ಅಂತ. 'ದೋಣಿ ನನ್ನ ವಶದಲ್ಲಿತ್ತು, ನಾನೇ ಹೊಣೆ, ತಂಗಿಗೆ ಚೆನ್ನಾಗಿರು ಅಂತ ಹೇಳಿ' ಅಂದ್ನಂತೆ. ಚೆನ್ನಾಗಿರು ಅಂತೆ! ಯಾರನ್ನೋ ಉಳಿಸೋಕೆ ನೋಡ್ತಿದ್ದಾನೆ ಅವನು. ಲೋಪೆತಿನಾ? ಲೋಪೆತಿ ನಿಮಗೇನಾದ್ರೂ ಕೊಟ್ನಾ? ಹೆದರಿಸಿದ್ನಾ?"

"ಲೋಪೆತಿ!" ಮೆಲೆನಾಯಿತೆ ಉಗುಳಿದಂತೆ ಹೇಳಿದಳು. "ಆ ನಾಯಿ ಮಾತು ನಾನು ಕೇಳ್ತೀನಾ? ಇಪ್ಪತ್ತು ಜನರ ದೋಣೀಲಿ ಮೂವತ್ತೆಂಟು ಜನರನ್ನ ತುಂಬಿ, ತಾನು ಕಟ್ಟೆ ಮೇಲೆ ನಿಂತು ಕೈ ಬೀಸ್ದೋನು ಅವನು. ಅವನಿಗೆ ಯಾರೂ ಕೋಳ ಹಾಕಲ್ಲ. ಹಾಕೋದು ನಮ್ಮಂಥೋರ ಮಕ್ಕಳಿಗೆ."

"ಮತ್ತೆ ಯಾರಿಗೋಸ್ಕರ ಅಕ್ಕಾ ಈ ಸುಳ್ಳು?"

ಕೊಡತಿಯನ್ನು ಮೆಲೆನಾಯಿತೆ ದಿಮ್ಮಿಯ ಮೇಲೆ ಮಲಗಿಸಿದಳು. ಇಷ್ಟು ಹೊತ್ತು ಅಂಗಳ ತುಂಬಿದ್ದ ಸದ್ದು ನಿಂತು, ಕಡಲಿನ ಸದ್ದು ಕೇಳತೊಡಗಿತು.

"ನಿಂಗೆ ಒಬ್ಬ ಅಣ್ಣ," ಎಂದಳು. "ಅವನಿಗೋಸ್ಕರ ನೀನು ನಿದ್ದೆಗೆಟ್ಟು ಹಾಸಿಗೆ ಅಡಿ ಕೈ ಹಾಕಿ ಹಾಕಿ ನೋಡ್ತೀಯ. ತಪ್ಪು ಅಂತ ನಾನು ಅನ್ನಲ್ಲ. ಒಡಹುಟ್ಟಿದೋಳು ಅಂದ್ರೆ ಹಾಗೇ ಇರ್ಬೇಕು. ಆದ್ರೆ ತೆಲೇಸಿಯಾ, ಒಡಹುಟ್ಟಿದೋಳು ನೀನೊಬ್ಳೇ ಅಲ್ಲ ಈ ಊರಲ್ಲಿ."

"ಅಂದ್ರೆ?"

"ಅಂದ್ರೆ ಮನೆಗೆ ಹೋಗು. ಮಗೂಗೆ ಜಡೆ ಹಾಕು. ಅರ್ಧ ಜಡೇಲಿ ಓಡಾಡ್ತಿರತ್ತೆ ಅದು." ಕೊಡತಿ ಮತ್ತೆ ಎದ್ದಿತು. "ಕೆಟ್ಟಿದ್ದು ಕೆಡ್ಲಿ ಬಿಡು. ಕೆಲವನ್ನ ಸರಿ ಮಾಡೋಕೆ ಹೋದ್ರೆ ಮನೇನೇ ಬೀಳುತ್ತೆ."

ಟಪ್. ಟಪ್. ಟಪ್.

*

ದಾರಿಯುದ್ದಕ್ಕೂ ತೆಲೇಸಿಯಾ ಆ ಮಾತನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮಗು ಅರ್ಧ ಜಡೆಯಲ್ಲಿರುವುದು ಮೆಲೆನಾಯಿತೆಗೆ ಹೇಗೆ ಗೊತ್ತು? ಬೆಳಿಗ್ಗೆಯೇ ಸಿಯಾಲೆ ಅತ್ತೆಯ ಮನೆ ಬೇಲಿಯ ತನಕ ಹೋಗಿ ಬಂದಿರಬೇಕು. ಏಕೆ? ಏನಾದರೂ ಕೇಳಲಿಕ್ಕೆ?

ಹಾಸಿಗೆಯಡಿ ಕೈ ಹಾಕಿ ನೋಡುವುದು? ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅದು ಗೊತ್ತಿರಬೇಕಾದದ್ದು ಪಕ್ಕದಲ್ಲಿ ಮಲಗುವವನಿಗೆ ಮಾತ್ರ.

ಅವಳ ಹೆಜ್ಜೆ ನಿಧಾನವಾಯಿತು.

ಮನೆಯ ಬೇಲಿಯ ಮೇಲೆ ಚಾಪೆಗಳು ಬಿಸಿಲು ಕಾಯುತ್ತಿದ್ದವು. ಪಕ್ಕದ ಗೂಟದಲ್ಲಿ ಹಂದಿ ಕಟ್ಟುವ ಹಗ್ಗ. ಅವಳ ಗಂಡ ಮಾಕಾ ತೋಟಕ್ಕೆ ಹೋಗುವ ಮುಂಚೆ ಸುತ್ತಿಟ್ಟಿದ್ದ ಹಗ್ಗ. ದುಂಡಗೆ, ಬಲಕ್ಕೆ. ತುದಿಯನ್ನು ನಡುವೆ ಬಳಸಿ ಕುಣಿಕೆಯೊಳಗೆ ತೂರಿಸಿದ್ದ.

ಎರಡು ಸಲ.

ಊರಿನ ದೋಣಿಯವರೆಲ್ಲ ಒಂದು ಸಲ ತೂರಿಸುತ್ತಾರೆ. ಮದುವೆಯಾದ ಹೊಸದರಲ್ಲಿ ಅವಳು ಕೇಳಿದ್ದಳು, ಎರಡೆರಡು ಸಲ ಯಾಕೆ ಅಂತ. ಮಾಕಾ ನಕ್ಕಿದ್ದ. "ಒಂದು ಸಲ ಹಾಕಿದ್ದು ಎಂದಾದ್ರೂ ಬಿಚ್ಕೊಳುತ್ತೆ ಕಣೇ. ಎರಡನೇದು ಜನ್ಮಕ್ಕೂ ಬಿಚ್ಕೊಳಲ್ಲ."

ಅವಳು ಹಗ್ಗವನ್ನು ಮುಟ್ಟಿದಳು. ಕೈ ಹಿಂದಕ್ಕೆ ತೆಗೆದಳು.

ದೋಣಿಯಲ್ಲಿ ಮಾಕಾನೂ ಇದ್ದ. ಅಣ್ಣನ ಕೈಕೆಳಗೆ ಕೆಲಸದವನು. "ನಾನು ಹಿಂದೆ, ಎಂಜಿನ್ ಹತ್ರ ಇದ್ದೆ," ಎಂದಿದ್ದ ಪೊಲೀಸಿನವರಿಗೆ. ಇಬ್ಬರು ಹೆಂಗಸರನ್ನು ಎಳೆದು ಬಂಡೆಗೆ ಹತ್ತಿಸಿದ್ದ; ಊರೆಲ್ಲ ಹೊಗಳಿತ್ತು. ಅಂದಿನಿಂದ ಕಡಲ ಕಡೆಗೆ ಬೆನ್ನು ಹಾಕಿ ಕೂರುತ್ತಾನೆ. ಮೀನು ತಿನ್ನುವುದಿಲ್ಲ. ಸತ್ತವರ ಮನೆಗಳಿಗೆಲ್ಲ ಹೋಗಿ ಸೌದೆ ಒಡೆದು ಕೊಟ್ಟು ಬರುತ್ತಾನೆ. ಇವಳು ಅದನ್ನು ದುಃಖ ಎಂದುಕೊಂಡಿದ್ದಳು. ರಾತ್ರಿ ಅವನು ಬೆಚ್ಚಿ ಎದ್ದಾಗಲೆಲ್ಲ ಬೆನ್ನು ಸವರಿ ಮಲಗಿಸಿದ್ದಳು.

ಫೆಲೆತಿ ಯಾಕೆ ತಲೆ ತಗ್ಗಿಸಿದ? ಅಣ್ಣ ಯಾಕೆ 'ತಂಗಿ ಚೆನ್ನಾಗಿರಲಿ' ಎಂದ?

ಒಳಗೆ ಬಂದಾಗ ಸಿಯಾಲೆ ಅಂಗಡಿಯ ಹೊಸ್ತಿಲ ಮೇಲೆ ಮಂಡಿ ಅಪ್ಪಿಕೊಂಡು ಕೂತಿತ್ತು. ತೆಲೇಸಿಯಾ ಮಾತಿಲ್ಲದೆ ಅವಳ ಹಿಂದೆ ಕೂತು, ಬಾಚಣಿಗೆ ತೆಗೆದುಕೊಂಡು, ಕೊಬ್ಬರಿ ಎಣ್ಣೆ ಸವರಿ, ಉಳಿದ ಕೂದಲನ್ನು ಮೂರು ಪಾಲು ಮಾಡಿದಳು. ಕೈಗೆ ಒಂದು ಕೆಲಸ ಬೇಕಿತ್ತು.

"ಅತ್ತೆ ಮನೆಗೆ ಹೋಗಿದ್ಯಾ ಬೆಳಿಗ್ಗೆ?"

"ಹೂಂ."

"ಯಾಕೆ ಕಂದಾ?"

"ನಿನ್ನ ಹತ್ರ ಹೇಳ್ಬಹುದಾ ಅಂತ ಕೇಳೋಕೆ." ಮಗುವಿನ ಕತ್ತು ಬಿಗಿಯಾಯಿತು. "ಹೇಳ್ಬಾರ್ದು ಅಂದ್ರು."

ಅತ್ತೆ ಹೇಳಬಾರದೆಂದರೆ ಹೇಳಬಾರದು. ಈ ಮಾತನ್ನು ತೊಟ್ಟಿಲಲ್ಲಿದ್ದಾಗಿನಿಂದ ಮಗಳ ಕಿವಿಗೆ ಹಾಕಿದವಳು ತೆಲೇಸಿಯಾಳೇ. ಅತ್ತೆಯ ತಲೆ ಮುಟ್ಟಬೇಡ, ಅತ್ತೆ ಉಂಡು ಬಿಟ್ಟದ್ದು ತಿನ್ನಬೇಡ, ಅತ್ತೆಯ ಮಾತು ಮೀರಬೇಡ. ಈಗ ಆ ಮಗುವಿಗೆ ಮೀರು ಎಂದು ಯಾವ ಬಾಯಲ್ಲಿ ಹೇಳುವುದು?

"ಬೇಡ ಬಿಡು," ಎಂದಳು. "ಹೇಳ್ಬೇಡ."

ಜಡೆ ಮುಗಿಯುತ್ತ ಬಂದಿತ್ತು. ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ. ಕಿಟಕಿಯ ಬದಿಯ ಸಿಮೆಂಟಿನ ಮೇಲೆ ಬಿಸಿಲು ಬಿದ್ದಿತ್ತು. ಬುಧವಾರ ಮಧ್ಯಾಹ್ನ, ಜ್ವರದ ಕಣ್ಣಿನಲ್ಲಿ ಈ ಮಗು ಇಲ್ಲೇ, ಈ ಹೊಸ್ತಿಲಿನಲ್ಲೇ ನಿಂತಿರಬೇಕು. ಕಂಪ್ಯೂಟರಿನ ಪರದೆಯನ್ನು ನೋಡಿರಬೇಕು. ಪೆಟ್ಟಿಗೆ ಬಿದ್ದದ್ದನ್ನೂ ನೋಡಿರಬೇಕು. ಬಿದ್ದದ್ದೋ, ಬೀಳಿಸಿದ್ದೋ? ಮೂರು ದಿನ ಅದನ್ನು ಎದೆಯಲ್ಲಿಟ್ಟುಕೊಂಡು ಶಾಲೆಗೆ ಹೋಗಿ, ಬಂದು, ಉಂಡು, ತನ್ನ ಪಕ್ಕದಲ್ಲೇ ಪ್ರಾರ್ಥನೆ ಹೇಳಿ ಮಲಗಿದೆ. ಬೆಳಗಿನಿಂದ ಎಷ್ಟು ಸಲ ಕೇಳಲಾ, ಕೇಳಲಾ ಎಂದಿತು. ಆಮೇಲೆ ಆಮೇಲೆ ಎನ್ನುತ್ತಾ ಹಂದಿಯ ಹತ್ತಿರ ಅಟ್ಟಿದ್ದಳು ತಾಯಿ.

ಹೊರಗೆ ಬೇಲಿಯ ಬಾಗಿಲು ಕಿರುಗುಟ್ಟಿತು. ಕೆಸುವಿನ ಎಲೆಯ ಬುಟ್ಟಿ ಹೆಗಲಿಗೇರಿಸಿಕೊಂಡು ಮಾಕಾ ಅಂಗಳಕ್ಕೆ ಬಂದ. ಹರವಿದ್ದ ಚಾಪೆಗಳನ್ನು ಕಂಡ. ಬಾಗಿಲಾಚೆ, ಮೇಜಿನ ಮೇಲೆ, ಚೀಲದಿಂದ ಹೊರಬಂದು ಬರಿಮೈಯಲ್ಲಿ ಕೂತಿದ್ದ ಪೆಟ್ಟಿಗೆಯನ್ನು ಕಂಡ. ಬುಟ್ಟಿಯನ್ನು ಕೆಳಗಿಳಿಸಲಿಲ್ಲ. ಹೆಂಡತಿಯನ್ನೂ ನೋಡಲಿಲ್ಲ. ಮಗಳನ್ನು ನೋಡುತ್ತಾ ನಿಂತ.

ತೆಲೇಸಿಯಾಳ ಬೆರಳು ಜಡೆಯ ತುದಿಯಲ್ಲಿ ನಿಂತಿತು.

"ಅಮ್ಮಾ," ಎಂದಿತು ಮಗು, ತಿರುಗದೆ, ಅಪ್ಪನ ಮುಖದಿಂದ ಕಣ್ಣು ಕೀಳದೆ. "ಅತ್ತೆ ಹೇಳ್ಬೇಡ ಅಂದಿದಾರೆ. ಕೇಳ್ಬೇಡ ಅಂದಿಲ್ಲ."

"ಕೇಳು."

"ಅವತ್ತು ಚುಕ್ಕಾಣಿ ಹಿಡ್ಕೊಂಡಿದ್ದು ಅಪ್ಪ ಅಲ್ವಾ? ಮತ್ತೆ ಮಾವನ್ನ ಯಾಕಮ್ಮಾ ಒಳಗೆ ಹಾಕಿದ್ದಾರೆ?"